ನೀಲಿ ಡಬ್ಬಿಗೆ ಕಟ್ಟಿದ ಬೆಲ್ಟು

“ಸದರಿ ಕರ್ಮಚಾರಿಯು ಸ್ವತಃ ಬೆಲ್ಟ್ ಹಾಕಿಕೊಂಡಿರಲಿಲ್ಲ.”

ಬೀರವ್ವ ಸಿಸ್ಟರ ಫೈಲಿನಲ್ಲಿ ಹೀಗೊಂದು ಸಾಲಿದೆ. ಮೂಲ ಮರಾಠಿ, ನಾನು ಕನ್ನಡದಲ್ಲಿ ಬರೆದಿದ್ದೇನೆ. ಹೇಳಿ ಬರೆಸಿದವರು ಸಚಿನ ಡಾಕ್ಟರು, ಬರೆದವನು ಕಾರಕೂನ ಶಿವಶರಣ, ಕೆಳಗೆ ದುಂಡಗಿನ ಸಿಕ್ಕಾ. ನಾಲ್ಕು ವರ್ಷವಾಯಿತು. ಸಿಕ್ಕಾದ ಮಸಿ ಮಾಸಿರಬಹುದು, ನನ್ನ ಸಿಟ್ಟು ಮಾಸಿಲ್ಲ. ಆ ಸಾಲು ಒಬ್ಬ ಹೆಣ್ಣುಮಗಳ ಅರವತ್ಮೂರು ದಿನದ ರಜೆಯನ್ನು ನುಂಗಿ ನೀರು ಕುಡಿಯಿತು. ಮಗಳ ಚೊಚ್ಚಲ ಬಾಣಂತನಕ್ಕೆಂದು ಆಕೆ ಒಂದೊಂದೇ ದಿನ ಕೂಡಿಸಿಟ್ಟ ರಜೆ ಅದು. ಅಷ್ಟಾಗಿಯೂ ಆ ಸಾಲು ನಿಜವಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಅದು ಅರ್ಧ ಸುಳ್ಳು. ಉಳಿದ ಅರ್ಧ ಏನೆಂದು ಆಗ ಬಲ್ಲವರು ಇಬ್ಬರೇ ಇದ್ದೆವು: ಬೀರವ್ವ ಸಿಸ್ಟರ್, ಮತ್ತು ಅವರ ಗಾಡಿಯ ಡ್ರೈವರನಾದ ನಾನು, ಸೈದಪ್ಪ.

ಗಾಡಿ ನನ್ನ ಸ್ವಂತದ್ದು, ಬೊಲೆರೊ. ಅಕ್ಕಲಕೋಟ ತಾಲೂಕಿನ ಒಂದು ಸರಕಾರಿ ಆರೋಗ್ಯ ಕೇಂದ್ರಕ್ಕೆ ವರ್ಷದ ಕರಾರಿನ ಮೇಲೆ ಓಡುತ್ತದೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಬೆಳಿಗ್ಗೆ ಫೋನು ಬರುತ್ತದೆ, ನನ್ನ ಬಾಯಿ ಸರಿಯಿಲ್ಲ, ಜಗಳವಾಗುತ್ತದೆ. ಕನ್ನಡ ಶಾಲೆಯಲ್ಲಿ ಐದನೆಯ ಇಯತ್ತೆಯವರೆಗೆ ಕಲಿತು, ಮಾಸ್ತರರ ಜೊತೆ ಜಗಳಾಡಿ ಹೊರಬಿದ್ದವನು ನಾನು. ಇದರಲ್ಲಿ ತಪ್ಪು ಕಂಡರೆ ಆ ಮಾಸ್ತರರನ್ನು ಕೇಳಿರಿ.

ಬೀರವ್ವ ಸಿಸ್ಟರ ತವರು ಮಂಗಳವೇಢೆ ತಾಲೂಕಿನ ನಂದೇಶ್ವರ. ಅಪ್ಪನದು ಕುರಿ ಹಿಂಡು, ಮನೆದೇವರು ಬೀರೋಬಾ, ಅದಕ್ಕೇ ಆ ಹೆಸರು. ಮೇವು ಮುಗಿದು ಹಿಂಡು ಊರು ಬಿಟ್ಟಾಗ ಅವರಲ್ಲಿ ಒಂದು ಪದ್ಧತಿಯಿದೆ. ಆಗಷ್ಟೇ ಹುಟ್ಟಿದ ಮರಿಗಳನ್ನು ಬಲೆಯ ಚೀಲದಲ್ಲಿ ಹಾಕಿ ಕುದುರೆಯ ಬೆನ್ನಿಗೆ ಬಿಗಿಯುತ್ತಾರೆ. ದೊಡ್ಡವರೆಲ್ಲ ನಡೆಯುತ್ತಾರೆ. ಬೀರವ್ವನನ್ನೂ ಮೂರು ವರ್ಷದವರೆಗೆ ಮರಿಗಳ ಪಕ್ಕದಲ್ಲೇ ಬಿಗಿಯುತ್ತಿದ್ದರಂತೆ.

“ಒಂದಿನ ಅಪ್ಪ ಹಗ್ಗ ಬಿಚ್ಚಿ ಕೆಳಗ ಇಳಿಸಿದ, ನಡಿ ಅಂದ. ಅವತ್ತಿಗಿ ನಾ ದೊಡ್ಡಾಕಿ ಆದೆ ನೋಡು ಸೈದಪ್ಪ,” ಎಂದು ಎಷ್ಟೋ ಸಲ ಹೇಳಿದ್ದಾರೆ. ಬಿಗಿಯುವುದೇನಿದ್ದರೂ ಮರಿಗಳಿಗೆ ಎನ್ನುತ್ತಿದ್ದರು.

ಹಾಗೆ ಇಳಿದವರು ನಡೆಯುತ್ತಲೇ ಇದ್ದರು. ನಡೆದು ಶಾಲೆಗೆ ಹೋದರು, ಸೋಲಾಪುರದಲ್ಲಿ ನರ್ಸಿಂಗ್ ಕಲಿತರು, ಸರಕಾರಿ ನೌಕರಿ ಹಿಡಿದರು. ನಮ್ಮ ಕೇಂದ್ರಕ್ಕೆ ಬಂದ ಮೇಲೆ ಇಪ್ಪತ್ತೆರಡು ವರ್ಷ ಒಂಬತ್ತು ವಸ್ತಿಗಳನ್ನು ಸುತ್ತಿದರು. ವಸ್ತಿ ಎಂದರೆ ಊರಿನಿಂದ ದೂರ, ಹೊಲದ ನಡುವೆ ನಾಲ್ಕೋ ಹತ್ತೋ ಮನೆ. ಅಲ್ಲಿನ ಮಕ್ಕಳಿಗೆ ಸೂಜಿ, ಬಸುರಿಯರಿಗೆ ಗುಳಿಗೆ, ಮುದುಕರಿಗೆ ಬೈಗುಳ, ಎಲ್ಲ ಬೀರವ್ವ ಸಿಸ್ಟರ ಕೈಯಿಂದಲೇ. ಗಂಡ ಕಾಯಿಲೆ ಬಿದ್ದು ತೀರಿಕೊಂಡರು. ಹಳೆಯ ರಜೆಯೆಲ್ಲ ಆ ಕಾಯಿಲೆಯಲ್ಲಿ ಕರಗಿಹೋಯಿತು. ಉಳಿದವಳು ಒಬ್ಬಳೇ ಮಗಳು ಪ್ರಾಜಕ್ತಾ, ಅವಳನ್ನು ಮಂಗಳವೇಢೆಗೆ ಕೊಟ್ಟಿದ್ದರು.

ನನಗೂ ಸಿಸ್ಟರಿಗೂ ಮೊದಲ ಜಗಳವಾದದ್ದು ನೀಲಿ ಡಬ್ಬಿಯ ಮೇಲೆ. ಲಸಿಕೆ ಒಯ್ಯುವ ಡಬ್ಬಿ, ಒಳಗೆ ಮಂಜುಗಡ್ಡೆ. ನನ್ನ ಗಾಡಿಯಲ್ಲಿ ಎಸಿ ಗಾಳಿ ಚೆನ್ನಾಗಿ ಬರುವುದು ಮುಂದಿನ ಸೀಟಿಗೆ. ಮೊದಲ ದಿನವೇ ಸಿಸ್ಟರ್ ಡಬ್ಬಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು, ಮೇಲೊಂದು ಸೋಲಾಪುರದ ಟಾವೆಲ್ ಹೊದಿಸಿದರು, ಬೆಲ್ಟ್ ಎಳೆದು ಕಟ್ಟಿದರು, ಜಗ್ಗಿ ನೋಡಿದರು. ಆಮೇಲೆ ತಾವು ಹಿಂದೆ ಹೋಗಿ ಬೆಲ್ಟಿಲ್ಲದೆ ಕೂತರು.

“ರೀ ಅಕ್ಕಾ, ಬೆಲ್ಟ್ ಮನಷ್ಯಾರಿಗಿ ಕೊಟ್ಟಾರ. ಡಬ್ಬಿ ಏನ ನಿಮ್ಮ ಅಳಿಯ ಏನ್ರಿ?” ಎಂದೆ.

“ಅಳಿಯ ಬಿದ್ರ ಏಳತಾನ. ಡಬ್ಬಿ ಬಿದ್ರ ಏಳತೈತೇನ?” ಎಂದರು. “ಇದರಾಗ ಹದಿನಾಕ ಕೂಸಿನ ಔಷಧ ಐತಿ. ಡಬ್ಬಿ ಒಡದ್ರ ನನಗ ನೋಟೀಸ್ ಬರತೈತಿ. ನಾ ಒಡದ್ರ ಯಾರಿಗೂ ನೋಟೀಸ್ ಬರಂಗಿಲ್ಲ. ನಡಿ, ಗಾಡಿ ಹೊಡಿ.”

ಸರಕಾರದ ಲೆಕ್ಕ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಸಿಸ್ಟರ್ ಒಡೆದರೂ ನೋಟೀಸು ಬರುತ್ತದೆ, ಅದೂ ಸಿಸ್ಟರಿಗೇ ಬರುತ್ತದೆ ಎಂಬ ಒಂದು ಸಂಗತಿ ಮಾತ್ರ ಅವರಿಗೂ ತಿಳಿದಿರಲಿಲ್ಲ.

ಇನ್ನು ನಮ್ಮ ಸಚಿನ ಡಾಕ್ಟರು. ದಿನಾ ಸೋಲಾಪುರದಿಂದ ತಮ್ಮ ಹೊಸ ಕಾರಿನಲ್ಲಿ ಬರುವವರು. ಒಳ್ಳೆಯ ಮನುಷ್ಯರು, ಕೈಗುಣವೂ ಇದೆ, ತಲೆಯ ಗಾಯಕ್ಕೆ ಅವರು ಹಾಕಿದ ಹೊಲಿಗೆ ಗುರುತು ಹತ್ತುವುದಿಲ್ಲ. ಅಂಥವರ ಕಾರಿನ ಬಕಲ್‌ನಲ್ಲಿ ಯಾವಾಗಲೂ ಒಂದು ಕ್ಲಿಪ್ ಸಿಕ್ಕಿಸಿರುತ್ತದೆ. ಬೆಲ್ಟಿಲ್ಲದ ಬರೀ ನಾಲಿಗೆ. ಅದನ್ನು ಸಿಕ್ಕಿಸಿದರೆ ಡಾಕ್ಟರು ಬೆಲ್ಟ್ ಹಾಕಿದ್ದಾರೆಂದು ಕಾರು ನಂಬಿ ಕೂಗುವುದನ್ನು ನಿಲ್ಲಿಸುತ್ತದೆ. ಎರಡು ದಿನಕ್ಕೊಬ್ಬ ಒಡೆದ ತಲೆಯವನು ಎದುರಿಗೆ ಬಂದು ಮಲಗುತ್ತಾನೆ, ಡಾಕ್ಟರು ಹೊಲಿಯುತ್ತಾರೆ, ಬೆಲ್ಟ್ ಹಾಕಲಿಲ್ಲವೇ ಎಂದು ಬೈಯುತ್ತಾರೆ, ಕೈ ತೊಳೆಯುತ್ತಾರೆ, ಕ್ಲಿಪ್ ಸಿಕ್ಕಿಸಿದ ಕಾರಿನಲ್ಲಿ ಕೂತು ಮನೆಗೆ ಹೋಗುತ್ತಾರೆ. ಹೊಲಿಯುವವನ ತಲೆ ಒಡೆಯುವುದಿಲ್ಲ ಎಂದು ಯಾವ ಪುಸ್ತಕದಲ್ಲಿ ಬರೆದಿದೆಯೋ. ನಾನು ಐದನೆಯ ಇಯತ್ತೆಯವನು, ಆ ಪುಸ್ತಕ ನೋಡಿಲ್ಲ.

ಆ ವರ್ಷ ಜನವರಿಯಲ್ಲಿ ರಸ್ತೆ ಸುರಕ್ಷೆಯ ಸಪ್ತಾಹ ಬಂತು. ಆರೋಗ್ಯ ಕರ್ಮಚಾರಿಗಳಲ್ಲಿ ಎಷ್ಟು ಮಂದಿ ಬೆಲ್ಟ್ ಹಾಕುತ್ತಾರೆ ಎಂದು ಎಣಿಸಲು ಜಿಲ್ಲೆಯಿಂದ ಇಬ್ಬರು ಕಾಗದ ಹಿಡಿದು ಬಂದು ನಮ್ಮ ಗೇಟಿನಲ್ಲಿ ಕುರ್ಚಿ ಹಾಕಿಕೊಂಡರು. ಅವರು ಕುರ್ಚಿ ಹಾಕುವ ಮೊದಲೇ ಎಲ್ಲರ ಫೋನಿಗೆ ಸುದ್ದಿ ಹೋಗಿತ್ತು. ಗೇಟಿನ ಹೊರಗಿನ ಬೇವಿನ ಮರದ ಕೆಳಗೆ ಒಂದೊಂದೇ ಗಾಡಿ ನಿಲ್ಲುವುದು, ಒಳಗೆ ಟಕ್ ಎನ್ನುವುದು, ಗೇಟು ದಾಟುವುದು. ಡಾಕ್ಟರ ಕಾರು ಕೂಡ ಮರದ ಕೆಳಗೆ ನಿಂತಿತು. ಶಿವಶರಣ ಮೋಟರಸೈಕಲ್ಲಿನವನು. ಎಣಿಕೆಯ ಗಡಿಬಿಡಿಯಲ್ಲಿ ಅವನೂ ಎದೆಗೆ ಕೈಹಾಕಿ ತಡಕಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಫಲಿತಾಂಶ: ಶೇಕಡಾ ನೂರು. ಆಂಬ್ಯುಲೆನ್ಸಿನ ಹಿಂಭಾಗವನ್ನು ಮಾತ್ರ ಯಾರೂ ಎಣಿಸಲಿಲ್ಲ. ಅಲ್ಲಿ ಕಟ್ಟಿಸಿಕೊಂಡು ಹೋಗುವವನು ರೋಗಿ ಒಬ್ಬನೇ. ಉಳಿಸಬೇಕಾದವರೆಲ್ಲ ಜೋತಾಡುತ್ತ ನಿಂತಿರುತ್ತಾರೆ.

ಮಧ್ಯಾಹ್ನ ಭಾಷಣ. “ಆರೋಗ್ಯ ಕರ್ಮಚಾರಿ ಸಮಾಜಕ್ಕೆ ಕನ್ನಡಿ,” ಎಂದರು ಡಾಕ್ಟರು. ಬೆಲ್ಟ್ ಇಲ್ಲದಿದ್ದರೆ ಮನುಷ್ಯ ಹೇಗೆ ಹಾರುತ್ತಾನೆ, ಯಾವ ಎಲುಬು ಎಲ್ಲಿ ಮುರಿಯುತ್ತದೆ, ಹಿಂದೆ ಕೂತವನು ಮುಂದಿನವನನ್ನೂ ಹೇಗೆ ಕೊಲ್ಲುತ್ತಾನೆ ಎಂದು ಚೆನ್ನಾಗಿ ಹೇಳಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು, ಬಟಾಟೆವಡೆ ತಿಂದೆವು, ಮರೆತೆವು. ಹೇಳಿದವರು ಎಲ್ಲರಿಗಿಂತ ಮೊದಲು ಮರೆತರು.

ಆ ಭಾಷಣ ನಿಜಕ್ಕೂ ಕಿವಿಗೆ ಹಾಕಿಕೊಂಡವರು ಒಬ್ಬರೇ. ಅವರು ನನ್ನ ಗಾಡಿಯ ಹಿಂದಿನ ಸೀಟಿನವರು.

ಮರುದಿನ ಬೆಳಿಗ್ಗೆ ಸಿಸ್ಟರ್ ಎಂದಿನಂತೆ ಡಬ್ಬಿಯನ್ನು ಮುಂದೆ ಕಟ್ಟಿ, ಹಿಂದೆ ಕೂತು, ಹೆಗಲ ಪಕ್ಕದ ಬೆಲ್ಟನ್ನು ಎಳೆದರು. ಅದು ಬಂತು. ಸಿಕ್ಕಿಸಲು ಸೀಟಿನ ಮೇಲೆ ಕೈಯಾಡಿಸಿದರು. ಏನೂ ಇಲ್ಲ.

“ಸೈದಪ್ಪ, ಇದನ್ನ ಸಿಕ್ಕಸೂದು ಎಲ್ಲಿ?”

ನಾನು ಕನ್ನಡಿಯಲ್ಲಿ ನೋಡಿದೆ. ಆಗ ನೆನಪಾಯಿತು. ಹಿಂದಿನ ದೀಪಾವಳಿಗೆ ಗಾಡಿಗೆ ಹೊಸ ಸೀಟ್ ಕವ್ಹರ್ ಹಾಕಿಸಿದ್ದೆ. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನ ಹತ್ತಿರ ಗುರುನಾಥ ಎಂಬವನ ಅಂಗಡಿಯಿದೆ, ಅಲ್ಲಿ. ಕೆಂಪು ರೆಕ್ಸಿನ್, ಅಂಚಿಗೆ ಬಿಳಿ ಹೊಲಿಗೆ, ನೋಡಿದವರು ಮದುಮಗನ ಗಾಡಿ ಎನ್ನಬೇಕು. ಹೊಲಿಯುವ ಮೊದಲು ಗುರುನಾಥ ಕೇಳಿದ್ದ:

“ಹಿಂದಿನ ಬಕಲ್ ಹೊರಗ ತಗೀಲೇನ ಮಾಮಾ, ಒಳಗ ಬಿಡಲೇನ?”

“ಹೊರಗ ತಗದ್ರ ಏನಾಗತೈತಿ?”

“ತೂತು ಮಾಡಬೇಕಾಗತೈತಿ. ಫಿನಿಶಿಂಗ್ ಹೋಗತೈತಿ.”

“ಒಳಗ ಬಿಡು. ಹಿಂದ ಯಾವ ಮಗ ಬೆಲ್ಟ್ ಹಾಕತಾನ?”

ಯಾವ ಮಗನೂ ಹಾಕಲಿಲ್ಲ, ಅದು ಸರಿಯೇ. ಬೀರವ್ವ ಸಿಸ್ಟರ್ ಹಾಕಲು ಹೊರಟರು. ನಾನು ತಪ್ಪು ಮಾಡಿದಾಗ ದನಿ ಏರಿಸುವವನು. ಅವತ್ತೂ ಏರಿಸಿದೆ.

“ಇಷ್ಟ ವರ್ಷ ಹಾಕಲಿಲ್ಲ, ಇವತ್ತ ಎಲ್ಲಿಂದ ಬಂತರಿ ನಿಮಗ ಜೀವದ ಆಸೆ? ಬೆಲ್ಟ್ ಮರಿಗೊಳಿಗಿ ಅಂತಿದ್ರಿ. ಹಿಂದ ಪೋಲೀಸರೂ ನೋಡಂಗಿಲ್ಲ.”

ಸಿಸ್ಟರ್ ಬೈಯಲಿಲ್ಲ. ನಾಚಿಕೊಂಡವರಂತೆ ಕಿಟಕಿಯ ಕಡೆ ನೋಡಿದರು.

“ಪ್ರಾಜಕ್ತಾಗ ನಾಕ ತಿಂಗಳಪಾ. ಜೂನಕ್ಕ ಹಡೀತಾಳ. ಮಂದಿ ಮಕ್ಕಳ ಬಾಣಂತನ ಭಾಳ ಮಾಡಿಸೀನಿ, ನನ್ನ ಮಗಳದು ಒಂದು ಮಾಡೂದೈತಿ. ಅರವತ್ತಮೂರ ದಿನ ರಜೆ ಕೂಡಸೀನಿ. ಅಲ್ಲಿತನಕ ಕೈಕಾಲು ಗಟ್ಟಿ ಇರಬೇಕಲ್ಲ.”

ನನ್ನ ದನಿ ಇಳಿಯಿತು. “ಈ ಐತವಾರ ಕವ್ಹರ್ ಕೊಯ್ದು ಬಕಲ್ ಹೊರಗ ತಗೀತೀನಿ ಅಕ್ಕಾ,” ಎಂದೆ.

ಬಕಲ್ ಇಲ್ಲದ ಬೆಲ್ಟನ್ನು ಸಿಸ್ಟರ್ ಅವತ್ತು ಎದೆಯ ಮೇಲಿಂದ ಎಳೆದುಕೊಂಡು, ಅದರ ನಾಲಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕೂತರು. ಮೂರನೆಯ ವಸ್ತಿಯವರೆಗೂ ಹಿಡಿದೇ ಇದ್ದರು. ಆಮೇಲೆ ರಜಿಸ್ಟರ್ ಬರೆಯಲು ಕೈ ಬೇಕಾಯಿತು, ಬಿಟ್ಟರು.

ಐತವಾರ, ಅಂದರೆ ಭಾನುವಾರ, ಬಂತು. ಆ ಕೆಂಪು ರೆಕ್ಸಿನ್ನಿಗೆ ಬ್ಲೇಡು ಹಾಕಲು ನನಗೆ ಮನಸ್ಸು ಬರಲಿಲ್ಲ. ಗುರುನಾಥನ ಹತ್ತಿರ ಒಯ್ದು ಅಂದವಾಗಿ ತೂತು ಮಾಡಿಸೋಣ ಎಂದುಕೊಂಡೆ. ಮುಂದಿನ ಐತವಾರ ಮದುವೆ. ಅದರ ಮುಂದಿನ ಐತವಾರ ಅಂಗಡಿ ಬಂದ್. ಸಿಸ್ಟರ್ ಪ್ರತಿ ಸೋಮವಾರ ಸೀಟಿನ ಮೇಲೆ ಒಂದು ಸಲ ಕೈಯಾಡಿಸುತ್ತಿದ್ದರು. “ಏನಪಾ, ಈ ಐತವಾರ ನಿನ್ನ ಕ್ಯಾಲೆಂಡರದಾಗ ಬರಲೇ ಇಲ್ಲೇನ?” ಎಂದು ನಗುತ್ತಿದ್ದರು. ಹನ್ನೊಂದು ಐತವಾರ ಹೋದವು.

ಮಾರ್ಚ್ ಕೊನೆಯ ವಾರ, ಬೆಳಗಿನ ಹತ್ತೂವರೆ. ನನ್ನ ಕರಾರು ಮೂವತ್ತೊಂದಕ್ಕೆ ಮುಗಿಯುವುದಿತ್ತು, ಹೊಸ ಕರಾರಿನ ಕಾಗದ ಡಾಕ್ಟರ ಮೇಜಿನ ಮೇಲೆ ಸಹಿಗಾಗಿ ಕಾಯುತ್ತಿತ್ತು. ನಾಲ್ಕನೆಯ ವಸ್ತಿಯ ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹೊಲದ ದಾರಿಯಿಂದ ನೆಟ್ಟಗೆ ರಸ್ತೆಗೆ ಬಂತು. ಅವನಿಗೆ ಬಲ-ಎಡ ನೋಡುವ ಚಾಳಿ ಇರಲಿಲ್ಲ. ಕಬ್ಬು ಹೇರಿದ ಮೇಲೆ ರಸ್ತೆ ಅಪ್ಪನದೇ ಆಗುತ್ತದೆ. ನಾನು ಬ್ರೇಕಿನ ಮೇಲೆ ನಿಂತೆ. ಗಾಡಿ ಟ್ರಾಲಿಗೆ ಒಂದು ಗೇಣು ಉಳಿದಿರುವಾಗ ನಿಂತಿತು. ಅಪಘಾತ ಎಂದು ಹೇಳುವಂಥದ್ದು ಏನೂ ಆಗಲಿಲ್ಲ. ಗಾಜು ಒಡೆಯಲಿಲ್ಲ, ಬಣ್ಣ ಕೆತ್ತಲಿಲ್ಲ. ನನ್ನನ್ನು ನನ್ನ ಬೆಲ್ಟ್ ಹಿಡಿಯಿತು. ಡಬ್ಬಿಯನ್ನು ಅದರ ಬೆಲ್ಟ್ ಹಿಡಿಯಿತು, ಮೇಲಿನ ಟಾವೆಲ್ ಕೂಡ ಸರಿಯಲಿಲ್ಲ. ಸಿಸ್ಟರನ್ನು ಹಿಡಿಯಲು ಏನೂ ಇರಲಿಲ್ಲ.

ತಿರುಗಿ ನೋಡಿದರೆ ಎರಡು ಸೀಟಿನ ನಡುವೆ ಬಿದ್ದಿದ್ದರು. ಒಂದು ಕಾಲು ಮುಂದಿನ ಸೀಟಿನ ಕಬ್ಬಿಣದ ಕೆಳಗೆ ಸಿಕ್ಕಿ ಹೊರಳಬಾರದ ಕಡೆಗೆ ಹೊರಳಿತ್ತು.

“ಡಬ್ಬಿ ಬಿತ್ತೇನ?” ಎಂದರು. ಅದೇ ಮೊದಲ ಮಾತು.

“ನಿಮ್ಮ ಡಬ್ಬಿ ಹಾಳಾಗಿ ಹೋಗ್ಲಿ!” ಎಂದು ಕಿರುಚಿದೆ. ಆಮೇಲೆ ಟ್ರ್ಯಾಕ್ಟರಿನವನಿಗೆ ಅವನ ಮೂರು ತಲೆಮಾರು ಸೇರಿಸಿ ಬೈದೆ. ಬೈಯುತ್ತಲೇ ಗೊತ್ತಿತ್ತು, ಬೈಗುಳದ ವಿಳಾಸ ತಪ್ಪಾಗಿದೆ ಎಂದು.

ಸೋಲಾಪುರದ ಆಸ್ಪತ್ರೆಗೆ ಒಯ್ದೆ. ಮೊಣಕಾಲಿನ ಕೆಳಗೆ ಎಲುಬು ಎರಡು ಕಡೆ ಮುರಿದಿತ್ತು. ಸಿಸ್ಟರನ್ನು ಒಳಗೆ ತೆಗೆದುಕೊಂಡರು. ಡಾಕ್ಟರು ಶಿವಶರಣನೊಡನೆ ಹೊರಟಿದ್ದಾರೆ, ಗಾಡಿ ತಪಾಸಣೆ ಮಾಡುತ್ತಾರೆ ಎಂದು ಫೋನು ಬಂತು. ನಾನು ಗಾಡಿ ನಿಲ್ಲಿಸಿದ ಕಡೆ ಹೋದೆ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ದಾಡಿಯ ಬ್ಲೇಡು ಇತ್ತು. ಹಿಂದಿನ ಸೀಟಿನ ಕೆಂಪು ರೆಕ್ಸಿನ್ನನ್ನು ಎರಡು ಕಡೆ ಕೊಯ್ದು ಬಕಲ್‌ಗಳನ್ನು ಹೊರಗೆಳೆದೆ. ಹೊಚ್ಚ ಹೊಸವು, ಒಂದು ಸಲವೂ ಬಳಸಿದ್ದಲ್ಲ. ಹನ್ನೊಂದು ಐತವಾರ ಆಗದ ಕೆಲಸ ನಾಲ್ಕು ನಿಮಿಷದಲ್ಲಿ ಆಯಿತು.

ಡಾಕ್ಟರು ಬಂದರು. ಮೊದಲು ಮುಂದಿನ ಬಾಗಿಲು ತೆರೆದು ಡಬ್ಬಿಯ ಮುಚ್ಚಳ ಎತ್ತಿ ನೋಡಿದರು. ಮಂಜುಗಡ್ಡೆ ಹಾಗೇ ಇತ್ತು. “ಛಾನ್,” ಎಂದು ಮರಾಠಿಯಲ್ಲಿ ಮೆಚ್ಚಿದರು. ಆಮೇಲೆ ಹಿಂದಿನ ಬೆಲ್ಟ್ ಎಳೆದು ಸಿಕ್ಕಿಸಿದರು, ಟಕ್ ಎಂದಿತು. “ಇದೂ ಛಾನ್.”

ಶಿವಶರಣ ಅಕ್ಕಲಕೋಟದವನು, ನನ್ನಂತೆಯೇ ಕನ್ನಡ ಶಾಲೆಯವನು, ನನಗಿಂತ ಹತ್ತು ಇಯತ್ತೆ ಹೆಚ್ಚು. ಬಗ್ಗಿ ನೋಡಿ ಮೆಲ್ಲಗೆ ಕೇಳಿದ, “ಹೊಸ ಕವ್ಹರ್ ಹರದೈತಲ್ಲೋ ಸೈದ್ಯಾ?”

“ಬ್ರೇಕ್ ಹೊಡದಾಗ ಹರೀತು.”

“ಭಾಳ ನೆಟ್ಟಗ ಹರೀತು ಬಿಡು,” ಎಂದ. ಡಾಕ್ಟರ ಹಿಂದೆ ನಡೆದ.

ಸಿಸ್ಟರಿಗೆ ಅಷ್ಟರಲ್ಲಿ ಕಾಲು ಕಟ್ಟಿ, ನೋವಿಗೆ ಇಂಜೆಕ್ಷನ್ ಕೊಟ್ಟು ಮಲಗಿಸಿದ್ದರು. ಡಾಕ್ಟರು ಮಂಚದ ಪಕ್ಕ ಕುರ್ಚಿ ಎಳೆದುಕೊಂಡರು. ಶಿವಶರಣ ಕಾಗದ ತೆಗೆದ. ನಾನು ಗೋಡೆಗೆ ಒರಗಿ ನಿಂತೆ.

“ಸಿಸ್ಟರಬಾಯಿ, ನೋಡ್ರಿ, ನಿಯಮ ಹೇಳಿಬಿಡ್ತೀನಿ,” ಎಂದರು ಡಾಕ್ಟರು. “ಗಾಡಿಯೊಳಗ ಬೆಲ್ಟ್ ಸರಿ ಇರಲಿಲ್ಲ ಅಂದ್ರ ತಪ್ಪು ಗಾಡಿದು. ನಿಮಗ ಡ್ಯೂಟಿ ಮ್ಯಾಲಿನ ವಿಶೇಷ ರಜೆ ಸಿಗತದ, ಇವನ ಕರಾರು ಇವತ್ತ ರದ್ದ ಆಗತದ. ಬೆಲ್ಟ್ ಇದ್ದೂ ನೀವು ಹಾಕಲಿಲ್ಲ ಅಂದ್ರ ತಪ್ಪು ನಿಮ್ಮದು. ಆಗ ನಿಮ್ಮ ಸ್ವಂತ ರಜಾನ ಖರ್ಚ ಆಗತಾವ. ಗಾಡಿ ನಾ ನೋಡೀನಿ, ಬೆಲ್ಟ್ ಸರಿ ಅದ. ನೀವ ಏನಂತೀರಿ?”

ಸಿಸ್ಟರ್ ನನ್ನ ಕಡೆ ನೋಡಿದರು. ಬೆಳಿಗ್ಗೆ ಹತ್ತೂವರೆಗೆ ಇಲ್ಲದ ಬಕಲ್ ಮಧ್ಯಾಹ್ನ ಎಲ್ಲಿಂದ ಬಂತೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆಗ ನಾನು ಬಾಯಿ ಬಿಡಬೇಕಿತ್ತು. ಸಂತೆಯಲ್ಲಿ, ಪಂಪಿನಲ್ಲಿ, ಸಿಗ್ನಲ್ಲಿನಲ್ಲಿ ಬೇಡದ ಕಡೆಯೆಲ್ಲ ತೆರೆಯುವ ಬಾಯಿ ಇದು. ಅವತ್ತು ಹೊಲಿಗೆ ಹಾಕಿದಂತೆ ಕೂತಿತು.

“ಬೆಲ್ಟ್ ಇತ್ತರಿ,” ಎಂದರು ಸಿಸ್ಟರ್. “ನಾನ ಹಾಕಿರಲಿಲ್ಲ. ಬರಕೋರಿ.”

ಶಿವಶರಣ ಬರೆದ. ಆ ಸಾಲು ಹುಟ್ಟಿದ್ದು ಹೀಗೆ. ಡಾಕ್ಟರು ಎದ್ದು ನಿಂತು, “ಎಷ್ಟ ಸಲ ಹೇಳ್ತೀವಿ, ನಮ್ಮ ಮಂದೀನ ಕೇಳಂಗಿಲ್ಲ,” ಎಂದು ತಲೆ ಅಲ್ಲಾಡಿಸಿದರು. ಕಾರಿನ ಕೀಲಿಕೈ ತೆಗೆದರು. ಅವರ ಕ್ಲಿಪ್ಪು ಕಾರಿನಲ್ಲಿ ಅವರಿಗಾಗಿ ಕಾಯುತ್ತಿತ್ತು.

ಅವರು ಹೋದ ಮೇಲೆ ನಾನು ಮಂಚದ ಹತ್ತಿರ ಹೋದೆ. ಕ್ಷಮೆ ಕೇಳುವುದನ್ನು ನಾನು ಕಲಿತಿಲ್ಲ. ಸಿಟ್ಟೇ ಬಂತು.

“ಯಾಕ ಸುಳ್ಳ ಹೇಳಿದ್ರಿ? ನನ್ನ ಮ್ಯಾಲ ಉಪಕಾರ ಮಾಡ್ರಿ ಅಂತ ಯಾರ ಕೇಳಿದ್ರು?”

“ನಿನ್ನ ಮ್ಯಾಲ ಯಾಕ ಮಾಡ್ಲಿ ಉಪಕಾರ? ನೀ ಏನ ನನ್ನ ತಮ್ಮೇನು?” ಎಂದರು ಸಿಸ್ಟರ್, ಕಣ್ಣು ಮುಚ್ಚಿಕೊಂಡೇ. “ಆ ಒಂಬತ್ತ ವಸ್ತಿ ದಾರ್ಯಾಗ ನೀ ಬಿಟ್ರ ಮತ್ಯಾವ ಡ್ರೈವರ ಗಾಡಿ ಇಳಸತಾನ? ಹೊಸಾಂವ ಬಂದ್ರ ಡಾಂಬರ ಮ್ಯಾಲ ನಿಂತು, ತಾಯಂದ್ರ ಇಲ್ಲಿಗೇ ಬರ್ರಿ ಅಂತಾನ. ಅವ್ರ ಬರಂಗಿಲ್ಲ. ಕೂಸಗೊಳು ಹಂಗ ಉಳೀತಾವ. ಮರೀನ ಬಿಗದ ಮ್ಯಾಲ ಕುದರೀನ ಯಾರರ ಮಾರತಾರೇನೋ ಹುಚ್ಚಾ?”

ನನ್ನನ್ನು ಕುದುರೆ ಎಂದವರು ಅದಕ್ಕೂ ಮೊದಲು ಇಬ್ಬರಿದ್ದರು, ಇಬ್ಬರ ಜೊತೆಯೂ ಕೈಕೈ ಹತ್ತಿತ್ತು. ಅವತ್ತು ಹೊರಗೆ ಬಂದು ಪಾರ್ಕಿಂಗಿನಲ್ಲಿ ನಿಂತೆ.

ಕರಾರಿಗೆ ಮೂವತ್ತೊಂದನೆಯ ತಾರೀಖು ಸಹಿ ಬಿತ್ತು.

ಸಿಸ್ಟರ ರಜೆ ಏಪ್ರಿಲ್ ತಿಂದಿತು, ಮೇ ತಿಂದಿತು. ಮೇ ತಿಂಗಳಲ್ಲಿ ಪ್ರಾಜಕ್ತಾ ಏಳು ತುಂಬಿದ ಹೊಟ್ಟೆ ಹೊತ್ತು ತವರಿಗೆ ಬಂದಳು. ಬಾಣಂತನ ಮಾಡಿಸಿಕೊಳ್ಳಲು ಬಂದ ಮಗಳು ತಾಯಿಗೆ ನೀರು ಕಾಯಿಸಿದಳು, ತಾಯಿಯ ಕಾಲಿಗೆ ದಿಂಬು ಕೊಟ್ಟಳು. ನನ್ನ ಹೆಂಡತಿ ರಖಮಾಬಾಯಿ ರೊಟ್ಟಿ ಮಾಡಿ ಕಳಿಸುತ್ತಿದ್ದಳು. ನಾನು ಕೊಡಲು ಹೋದರೆ ಪ್ರಾಜಕ್ತಾ ನಗುತ್ತ ಕೇಳುತ್ತಿದ್ದಳು, “ಸೈದುಮಾಮಾ, ಆಯಿ ನಿಮ್ಮ ಮಾತ ಕೇಳತಾಳ. ಬೆಲ್ಟ್ ಹಾಕ ಅಂತ ಒಂದ ಸಲಾನೂ ಹೇಳಲಿಲ್ಲೇನ ನೀವು?”

“ಹೇಳೀನಿ,” ಎಂದು ಬಿಟ್ಟೆ ಒಂದು ದಿನ. ಒಳಗಿನಿಂದ ಸಿಸ್ಟರ್ ಕೆಮ್ಮಿದರು.

ಅರವತ್ಮೂರು ದಿನ ಮುಗಿದ ಮರುದಿನ ಸಿಸ್ಟರ್ ಕೋಲು ಹಿಡಿದು ಹಾಜರಾದರು. ಹತ್ತು ದಿನ ಬಿಟ್ಟು ನಮ್ಮ ಕೇಂದ್ರದಲ್ಲೇ ಪ್ರಾಜಕ್ತಾಳ ಹೆರಿಗೆಯಾಯಿತು. ಡ್ಯೂಟಿಯಲ್ಲಿದ್ದವರು ಸಿಸ್ಟರೇ, ಮೊಮ್ಮಗಳನ್ನು ಡ್ಯೂಟಿಯ ಲೆಕ್ಕದಲ್ಲೇ ಎತ್ತಿಕೊಂಡರು. ನಾಲ್ಕನೆಯ ದಿನ ಮನೆಗೆ ಕಳಿಸಿದರು. ಐದನೆಯ ದಿನ ಲಸಿಕೆಯ ವಾರ, ಡಬ್ಬಿ ಹಿಡಿದು ವಸ್ತಿಗೆ ಹೊರಟರು. ಆರನೆಯ ದಿನ ಪ್ರಾಜಕ್ತಾಳ ಅತ್ತೆ ಮಂಗಳವೇಢೆಯಿಂದ ಬಂದಿಳಿದರು.

“ಹಸೀ ಬಾಣಂತೀನ ಒಬ್ಬಾಕೀನ ಮನ್ಯಾಗ ಹಾಕಿ ಚಿಲಕ ಎಳದ ಹೋಗತೀರೇನ್ರಿ ಬೀಗರ? ನೀರ ಹಾಕಾಕ ಯಾರದಾರ, ಕೂಸಿಗಿ ಎಣ್ಣಿ ತಿಕ್ಕಾಕ ಯಾರದಾರ? ಊರ ಮಂದಿ ಬಾಣಂತನ ಮಾಡೋ ನರ್ಸಬಾಯಿಗಿ ಮಗಳ ಬಾಣಂತನಕ್ಕ ಪುರಸೊತ್ತ ಇಲ್ಲ. ನಾ ಕರಕೊಂಡ ಹೋಗತೀನಿ.”

ಸಿಸ್ಟರ್ ಎದುರಾಡಲಿಲ್ಲ. ಆಡಲು ಅವರ ಹತ್ತಿರ ಒಂದು ದಿನದ ರಜೆಯೂ ಇರಲಿಲ್ಲ.

ಒಯ್ದದ್ದು ನನ್ನ ಗಾಡಿಯೇ. ಸಿಸ್ಟರ್ ಕೋಲನ್ನು ಗಾಡಿಗೆ ಆನಿಸಿ, ಹಿಂದಿನ ಬಾಗಿಲಿನೊಳಗೆ ಬಗ್ಗಿ, ಮಗಳಿಗೆ ತಾವೇ ಬೆಲ್ಟ್ ಎಳೆದು, ನಾನು ಕೊಯ್ದ ಸೀಳಿನಲ್ಲಿ ಕೈಹಾಕಿ ಬಕಲ್ ತೆಗೆದು ಸಿಕ್ಕಿಸಿದರು. “ಹೊಟ್ಟಿ ಮ್ಯಾಲ ಅಲ್ಲ, ಕೆಳಗ, ಹಿಂಗ,” ಎಂದು ಸರಿಮಾಡಿ, ಡಬ್ಬಿಗೆ ಮಾಡುವಂತೆ ಜಗ್ಗಿ ನೋಡಿದರು. ಮುಂದಿನ ಸೀಟಿನಲ್ಲಿ ಕೂತ ಅತ್ತೆಗೂ ಕಟ್ಟಲು ಹೋದರೆ ಆಯಮ್ಮ ಕೈ ತಳ್ಳಿದರು.

“ನನಗ್ಯಾಕ? ನಾ ಏನ ಕೂಸೇನ?”

“ಹಾಕೋರಿ ಬೀಗರ,” ಎಂದರು ಸಿಸ್ಟರ್. “ನಾನೂ ಹಂಗ ಅಂದಾಕಿನ.”

ಅತ್ತೆ ಸಿಸ್ಟರ ಕಾಲಿನ ಕಡೆ ನೋಡಿ ಬೆಲ್ಟ್ ಹಾಕಿಕೊಂಡರು. ಸಿಸ್ಟರ್ ನನಗೆ ಹೇಳಿದ್ದು ಎರಡೇ ಮಾತು: “ಸಾವಕಾಶ ಹೊಡಿ.” ಕನ್ನಡಿಯಲ್ಲಿ ನೋಡಿದೆ. ಮನೆಯೊಳಗೆ ಹೋಗಿರಲಿಲ್ಲ. ಕೋಲು ಹಿಡಿದು ಕೇಂದ್ರದ ಕಡೆ ನಡೆಯುತ್ತಿದ್ದರು, ಹತ್ತು ಗಂಟೆಗೆ ಹಾಜರಿ ಇತ್ತಲ್ಲ.

ಮಂಗಳವೇಢೆಯಿಂದ ತಿರುಗಿ ಬಂದ ದಿನ ನಾನು ಒಂದು ಕಾಗದ ಬರೆದೆ. ಕನ್ನಡದಲ್ಲಿ, ನನಗೆ ಬರುವುದು ಅದೊಂದೇ. ಬಕಲ್ ಕವ್ಹರಿನ ಒಳಗಿತ್ತು, ಸಿಸ್ಟರ್ ಕೇಳಿದರೂ ನಾನು ಹೊರಗೆ ತೆಗೆಯಲಿಲ್ಲ, ಬಿದ್ದ ಮೇಲೆ ಬ್ಲೇಡಿನಿಂದ ಕೊಯ್ದೆ, ಅವರ ಅರವತ್ಮೂರು ದಿನ ಅವರಿಗೆ ತಿರುಗಿ ಕೊಡಿರಿ ಎಂದು. ಶಿವಶರಣನ ಮೇಜಿನ ಮೇಲೆ ಇಟ್ಟೆ. ಅವನು ಬಾಗಿಲು ನೋಡಿ, ಕನ್ನಡಕ ಏರಿಸಿ, ಎರಡು ಸಲ ಓದಿದ.

“ಚಲೋ ಬರದಿ. ಅಕ್ಷರ ಇನ್ನೂ ಐದನೇ ಇಯತ್ತೆದ್ದ ಅದಾವ,” ಎಂದ. “ಇಲ್ಲಿ ನಡಿಯೂದು ಮರಾಠಿ. ಯಾರ ಕಡಿಂದಾದ್ರೂ ಮರಾಠಿ ಮಾಡಿಸ್ಕೊಂಡ ಬಾ, ಸಿಕ್ಕಾ ಹೊಡದ ಒಳಗ ತಗೋತೀನಿ. ಮತ್ತೊಂದ ಮಾತು ತಿಳಕೋ ಸೈದ್ಯಾ. ನೀ ಇದನ್ನ ಕೊಟ್ಟ ದಿನ ನಿನ್ನ ಗಾಡಿ ಬಂದ್. ವಸ್ತಿಗೊಳಿಗಿ ಯಾರು ಹೋಗತಾರ ಅನ್ನೂದು ಸಿಸ್ಟರಬಾಯಿಯವರನ್ನ ಕೇಳಿ ಕೊಡು.”

ಕಾಗದ ಮಡಚಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಟ್ಟೆ, ಬ್ಲೇಡಿನ ಪಕ್ಕದಲ್ಲಿ. ಸಿಸ್ಟರನ್ನು ಕೇಳಲಿಲ್ಲ. ಕೇಳಿದರೆ ಏನು ಹೇಳುತ್ತಾರೆಂದು ಗೊತ್ತಿತ್ತು, ಆ ಮಾತಿನ ಮರೆಯಲ್ಲಿ ನಾನು ಆರಾಮಾಗಿ ಕೂತೆ. ಬರುವ ಮಾರ್ಚ್ ಮುಗಿಯಲಿ, ಕರಾರು ಆಗಲಿ, ಆಮೇಲೆ ಕೊಡುತ್ತೇನೆ ಎಂದುಕೊಂಡೆ. ಮಾರ್ಚ್ ಮುಗಿಯಿತು. ಇನ್ನೊಂದು ಮಾರ್ಚ್ ಬಂತು, ಅದೂ ಮುಗಿಯಿತು. ಐತವಾರಗಳನ್ನು ದಾಟಿಸಿ ಅಭ್ಯಾಸವಿದ್ದವನಿಗೆ ಮಾರ್ಚ್ ದಾಟಿಸುವುದು ಎಷ್ಟರ ಕೆಲಸ?

ಹೋದ ಮೇ ತಿಂಗಳಲ್ಲಿ ಬೀರವ್ವ ಸಿಸ್ಟರ್ ನಿವೃತ್ತರಾದರು. ಡಾಕ್ಟರು ಶಾಲು ಹೊದಿಸಿ, ಇವರು ಸಮಾಜಕ್ಕೆ ಕನ್ನಡಿ ಎಂದರು. ಭಾಷಣ ಅದೇ, ಬಟಾಟೆವಡೆಯೂ ಅದೇ. ಮನೆಗೆ ಬಿಡಲು ನಾನೇ ಹೋದೆ. ಅವತ್ತು ಡಬ್ಬಿ ಇರಲಿಲ್ಲ, ಮುಂದಿನ ಸೀಟು ಖಾಲಿ. ಆದರೂ ಸಿಸ್ಟರ್ ಹಿಂದೆಯೇ ಕೂತರು, ಸೀಳಿನಲ್ಲಿ ಕೈಹಾಕಿ ಟಕ್ ಎನಿಸಿದರು. ಕೆಲಸಕ್ಕೆ ಮರಳಿದ ದಿನದಿಂದ ದಿನಾ ಅನ್ನುತ್ತಿದ್ದುದನ್ನೇ ಅಂದರು: “ಹಾಕೀನಿ ನೋಡಪಾ, ಬರಕೋ.”

ಮನೆ ಬಂತು. ಇಳಿಯುವಾಗ ಹೇಳಿದೆ:

“ಅಕ್ಕಾ, ನಿಮ್ಮ ಅರವತ್ತಮೂರ ದಿನ ನನ್ನ ಮ್ಯಾಲ ಅದಾವ.”

ಸಿಸ್ಟರ್ ಕೋಲು ಊರಿ ನಿಂತು ನನ್ನನ್ನು ನೋಡಿದರು. ಕಾಲು ಈಗಲೂ ನೆಟ್ಟಗಾಗಿಲ್ಲ.

“ಅದಾವ,” ಎಂದರು. “ನನ್ನ ಮೊಮ್ಮಗಳು ಈಗ ಓಡಾಡತಾಳ. ಆಕೀಗಿ ಮೊದಲನೇ ನೀರ ನಾ ಹಾಕಲಿಲ್ಲ. ಅದನ್ನ ಎಲ್ಲಿಂದ ತಂದ ಕೊಡತಿ?”

ಚಹಾಕ್ಕೆ ಕರೆಯದೆ ಒಳಗೆ ಹೋದರು. ಇಷ್ಟು ವರ್ಷ ಕರೆದವರು, ಅವತ್ತು ಕರೆಯಲಿಲ್ಲ. ಕಾಗದ ಖಾನೆಯಲ್ಲೇ ಇದೆ. ಈ ಮಾರ್ಚಿನಲ್ಲೂ ನನ್ನ ಕರಾರಿಗೆ ಸಹಿ ಬಿತ್ತು.